ನಕ್ಷೆಯಲ್ಲಿಲ್ಲದ ರೊಟ್ಟಿಮನೆ

ಅಕ್ಟೋಬರ್ 6, ಭಾನುವಾರ

ಬ್ರಹ್ಮಪುರ ಬಡಾವಣೆಯ ಸಮಾರಂಭವೊಂದರಲ್ಲಿ ಇಂದು ನನ್ನ ಹಾಸ್ಯ ಭಾಷಣ. ನಿರೂಪಣೆ ಮಾಡುತ್ತಿದ್ದ ಹುಡುಗಿ ನನ್ನನ್ನು ಪರಿಚಯಿಸಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ: “ಕನ್ನಡ ಪ್ರಾಧ್ಯಾಪಕರು, ಹಾಸ್ಯ ಭಾಷಣಕಾರರು, ಮುಖ್ಯವಾಗಿ ನಮ್ಮ ಖೂಬಾ ಪ್ಲಾಟಿನ ರೊಟ್ಟಿ ಅಂಬಿಕಾಬಾಯಿಯವರ ಯಜಮಾನರು, ದೇವಾನಂದ ಸರ್.” ಚಪ್ಪಾಳೆ ಬಿದ್ದದ್ದು ‘ಮುಖ್ಯವಾಗಿ’ ಆದ ಮೇಲೆ.

ಭಾಷಣ ಮುಗಿಸಿ ಇಳಿದಾಗ ಮೂವರು ನನ್ನತ್ತ ಬಂದರು. ಅಭಿಮಾನಿಗಳು ಎಂದುಕೊಂಡು ಶಾಲು ಸರಿಮಾಡಿಕೊಂಡೆ. ಇಬ್ಬರು ಎಳ್ಳಮಾವಾಸ್ಯೆಗೆ ಸಜ್ಜಿ ರೊಟ್ಟಿಯ ಆರ್ಡರ್ ಹೇಳಿದರು. ಮೂರನೆಯವರು ಶೇಂಗಾ ಚಟ್ನಿಯನ್ನೂ ಅವರೇ ಮಾಡಿಕೊಡುತ್ತಾರೇನು ಎಂದು ಕೇಳಿದರು.

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಹಿತ್ತಲಿನ ರೊಟ್ಟಿಮನೆಯ ಬಗ್ಗೆ ನನಗೆ ದ್ವೇಷವಿಲ್ಲ. ನಾನು ಕಟ್ಟಿಕೊಂಡವಳು ತಾನೇ ನಿಂತು ಕಟ್ಟಿಸಿದ್ದು. ಸುತ್ತ ನಿಲ್ಲಿಸಿದ ಶಹಾಬಾದ್ ಫರಸಿ ಕಲ್ಲು, ಮೇಲೆ ತಗಡಿನ ಪತ್ರಾ, ಒಳಗೆ ಸಾಲು ಒಲೆ. ಬ್ರಹ್ಮಪುರದಿಂದ ಚಾಂದಬಿ, ಬಂಡಮ್ಮ ಮತ್ತು ಇನ್ನಷ್ಟು ಹೆಂಗಸರು ಬಂದು, ಸೂರ್ಯ ಏಳುವ ಮೊದಲೇ ಜೋಳದ ರೊಟ್ಟಿ ಬಡಿಯಲು ಕೂರುತ್ತಾರೆ. ಬೇರೆಯವರ ಮನೆಯಲ್ಲಿ ಹೆಂಡತಿ ಬಡಿಸುತ್ತಾಳೆ, ನಮ್ಮಲ್ಲಿ ಬಡಿಯುತ್ತಾಳೆ. ಗಡಿಯಾರದ ಅಲಾರಾಂ ಆದರೆ ತಲೆಗೆ ಹೊಡೆದು ನಿಲ್ಲಿಸಬಹುದು. ಇದನ್ನು ನಿಲ್ಲಿಸುವುದು ಹೇಗೆ?

ಮನೆ ಮಾರುವುದೇ ವಾಸಿ. ಸೇಡಂ ರಸ್ತೆಯಲ್ಲಿ ಹೊಸ ಅಪಾರ್ಟ್‌ಮೆಂಟ್ ಎದ್ದಿದೆ. ಲಿಫ್ಟು ಇದೆ, ಸಲಾಂ ಹೊಡೆಯುವ ಕಾವಲುಗಾರನಿದ್ದಾನೆ. ಖೂಬಾ ಪ್ಲಾಟಿನಿಂದ ಫ್ಲ್ಯಾಟಿಗೆ: ಒಂದು ಒತ್ತಕ್ಷರದಷ್ಟೇ ದೂರ.

ಅಕ್ಟೋಬರ್ 12, ವಿಜಯದಶಮಿ

ಅಂಬಿಕಾ ಬನ್ನಿ ಕೊಟ್ಟು ಕಾಲಿಗೆ ಬಿದ್ದಳು. “ಬನ್ನಿ ತಗೊಂಡು ಬಂಗಾರದಂಗ ಇರೋಣರಿ.”

ಒಳ್ಳೆಯ ಮುಹೂರ್ತವೆಂದು ಆಗಲೇ ಹೇಳಿದೆ: ಗಿರಾಕಿ ಸಿಕ್ಕಿದ್ದಾರೆ, ಹೆಸರು ಸುನೀಲಕುಮಾರ, ಟೈಲ್ಸ್ ಅಂಗಡಿ ಇದೆ, ಬ್ಯಾಂಕ್ ಸಾಲ ಮಾಡಿ ಕೊಳ್ಳುತ್ತಾರೆ.

ಅವಳು ಬನ್ನಿ ಎಲೆಗಳನ್ನು ಸೆರಗಿನ ತುದಿಗೆ ಗಂಟು ಹಾಕುತ್ತ ಕೇಳಿದಳು, “ಫ್ಲ್ಯಾಟಿನ್ಯಾಗ ಒಲಿ ಹಚ್ಚಾಕ ಬಿಡ್ತಾರೇನ್ರಿ?”

“ಗ್ಯಾಸ್ ಅದ.”

“ನಾ ಕೇಳಿದ್ದು ಅದಲ್ಲ.”

“ನೀನು ಎಷ್ಟು ದಿನಾ ಅಂತ ಹೊಗಿಯಾಗ ಕುಂದರ್ತಿ? ಆರಾಮ್ ಇರು.”

“ಆರಾಮ್ ಇಲ್ಲಂತ ನಾ ಯಾವಾಗ ಹೇಳೀನ್ರಿ ನಿಮಗ?”

ಮಾತಿಗೆ ಮಾತು ಕೊಡುವ ಹವ್ಯಾಸ ಅವಳಿಗಿಲ್ಲ. ಅಷ್ಟಕ್ಕೇ ಎದ್ದುಹೋದಳು. ಹೋಳಿಗೆ ಚೆನ್ನಾಗಿತ್ತು.

ಅಕ್ಟೋಬರ್ 27, ಭಾನುವಾರ

ಬ್ಯಾಂಕಿನ ಪರವಾಗಿ ಮನೆ ಅಳೆಯಲು ಆಮಿರ್ ಎಂಬ ಎಂಜಿನಿಯರ್ ಬಂದಿದ್ದರು. ಸಭ್ಯ ಮನುಷ್ಯ. ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟು ಹಿತ್ತಲಿಗೂ ಬರಿಗಾಲಲ್ಲೇ ನಡೆದರು. ಪಾಲಿಕೆ ಮಂಜೂರು ಮಾಡಿದ ಹಳೆಯ ನಕ್ಷೆಯನ್ನು ಬಿಡಿಸಿ ಹಿಡಿದುಕೊಂಡು ತೋಟದ ನಡುವೆ ನಿಂತರು. ನಾನು ನನ್ನ ಮಂಟಪದಲ್ಲಿ ಕಾಲುಮೇಲೆ ಕಾಲು ಹಾಕಿ ಕುಳಿತಿದ್ದೆ. ಈ ಮಂಟಪ ನನ್ನ ಸ್ವಂತ ಕಲ್ಪನೆ: ನಾಲ್ಕು ಫರಸಿ ಕಂಬ, ಮೇಲೆ ಪತ್ರಾ, ಅದರ ಮೇಲೆ ಮಲ್ಲಿಗೆ ಬಳ್ಳಿ. ಭಾಷಣಗಳೆಲ್ಲ ಹುಟ್ಟುವುದು ಇಲ್ಲಿಯೇ.

“ಸರ್, ತಪ್ಪು ತಿಳ್ಕೊಬ್ಯಾಡ್ರಿ,” ಎಂದರು ಆಮಿರ್. “ನಕ್ಷಾದ ಪ್ರಕಾರ ನೀವು ಕುಂತಿದ್ದಲ್ಲಿ ಏನೂ ಇಲ್ರಿ.”

“ಏನೂ ಇಲ್ಲಂದ್ರ?”

“ಖುಲ್ಲಾ ಜಾಗಾ. ಮಂಟಪಾನೂ ಇಲ್ಲ, ರೊಟ್ಟಿಮನಿನೂ ಇಲ್ಲ, ಆ ಮೂಲ್ಯಾಗಿನ ಸಂಡಾಸನೂ ಇಲ್ಲ. ಕಂಪೌಂಡಿಗೆ ಹಚ್ಚಿ ಕಟ್ಟೀರಿ, ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಜಾಗಾ ಬಿಟ್ಟಿಲ್ಲ. ದಂಡ ಕಟ್ಟಿ ಸಕ್ರಮ ಮಾಡಸ್ತೀನಂದ್ರೂ ಆಗಂಗಿಲ್ರಿ.”

ಮನೆಗೆ ಸೆಟ್‌ಬ್ಯಾಕ್ ಇಲ್ಲದಿರುವುದೇ ನನಗೊಂದು ಸೆಟ್‌ಬ್ಯಾಕ್ ಆಯಿತು ಎಂದೆ. ಪಾಪ, ನಕ್ಕರು. ರೊಟ್ಟಿಮನೆಯ ಬಾಗಿಲಲ್ಲಿ ನಿಂತಿದ್ದ ಚಾಂದಬಿ ನಗಲಿಲ್ಲ. ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ತಂದು ಆಮಿರರ ಕೈಗಿಟ್ಟು, “ತಿನ್ರಿ ಭಾಯಿ. ನಕ್ಷಾದಾಗ ಇಲ್ಲದ್ದು ಹೊಟ್ಟ್ಯಾಗ ಹೋಗ್ತದೇನ ನೋಡ್ರಿ,” ಎಂದಳು.

ಅವರು ತಿಂದರು. ತಿನ್ನುತ್ತಲೇ ನನಗೊಂದು ದಾರಿ ಹೇಳಿಕೊಟ್ಟರು: ಮಂಟಪದ ಪತ್ರಾ ತೆಗೆದು ಬರೀ ಕಂಬ, ಬಳ್ಳಿ ಉಳಿಸಿದರೆ ಅದು ಕಟ್ಟಡವೆನಿಸುವುದಿಲ್ಲ, ತೋಟವೆನಿಸುತ್ತದೆ. ರೊಟ್ಟಿಮನೆಗೆ ಮಾತ್ರ ದಾರಿಯಿಲ್ಲ. ಗೋಡೆ ಇದೆ, ಒಲೆ ಇದೆ. ಅದನ್ನು ಕೆಡವಿದ ಮೇಲೆಯೇ ಸಾಲ, ಸಾಲವಾದ ಮೇಲೆಯೇ ಮಾರಾಟ.

ಕಲ್ಯಾಣದಲ್ಲಿದ್ದದ್ದು ಅನುಭವ ಮಂಟಪ. ನನ್ನದು ಅನುಮತಿ ಇಲ್ಲದ ಮಂಟಪ. ಇದನ್ನು ಮುಂದಿನ ಭಾಷಣಕ್ಕೆ ಇಟ್ಟುಕೊಳ್ಳಬೇಕು.

ನವೆಂಬರ್ 3, ಭಾನುವಾರ

ಸುನೀಲಕುಮಾರ ಬಂದಿದ್ದರು. ಅವಸರವಿಲ್ಲದ ಮನುಷ್ಯ. “ಶೂನ್ಯಮಾಸದಾಗ ನಮ್ಮ ಮನ್ಯಾಗ ಸೂಜಿನೂ ಖರೀದಿ ಮಾಡಲ್ರಿ ಸರ್. ಸಂಕ್ರಮಣ ಆಗ್ಲಿ, ಮ್ಯಾಲೆ ರಿಜಿಸ್ಟರ್ ಮಾಡೋಣು. ಅಲ್ಲೀತನಾ ಅಕ್ಕಾವರ ಒಲಿ ಉರೀಲಿ. ನಮ್ಮ ಮನಿಗೂ ರೊಟ್ಟಿ ಇಲ್ಲಿಂದೇ ಬರ್ತಾವ.”

ಅವರು ಹೋದ ಮೇಲೆ ಅಂಬಿಕಾ ಮಂಟಪಕ್ಕೆ ಬಂದಳು. ಬರುವುದು ಅಪರೂಪ. ಕೈತುಂಬ ಹಿಟ್ಟು.

“ನಿಮಗೊಂದು ಮಾತ ಕೇಳ್ತೀನ್ರಿ. ಮನಿ ನಿಮ್ಮ ಹೆಸರಿಗೆ ಅದ, ಮಾರ್ರಿ. ನಾ ಅಡ್ಡ ಬರಂಗಿಲ್ಲ. ಎಳ್ಳಮಾಸಿ ಒಂದು ಆಗ್ಲಿ. ವರ್ಷದ ಆರ್ಡರೆಲ್ಲಾ ಅವಾಗೇ ಬರ್ತಾವ. ಅದು ಮುಗದ ಮರುದಿನಾ ನಾನೇ ನಿಂತು ಒಂದೊಂದ ಕಲ್ಲು ತೆಗಸ್ತೀನಿ.”

ಬ್ಯಾಂಕಿನವರು ಡಿಸೆಂಬರ್ ಮೊದಲ ವಾರವೇ ಖಾಲಿ ಜಾಗ ನೋಡಬೇಕು ಎನ್ನುತ್ತಿದ್ದಾರೆ ಎಂದೆ.

ಯಾಕೆ ಹಾಗೆಂದೆ? ಇಂದಲ್ಲ ನಾಳೆ ಹೋಗಲೇಬೇಕಾದದ್ದು. ಎಳ್ಳಮಾವಾಸ್ಯೆ ಎಂದರೆ ಊರೆಲ್ಲ ನಮ್ಮ ಗೇಟಿಗೆ ಬರುತ್ತದೆ, ಕಾಲೇಜಿನ ಪ್ರಾಚಾರ್ಯರು ಸಹ ಡಬ್ಬಿ ಹಿಡಿದು ನಿಂತಿರುತ್ತಾರೆ, ನಾನು ಅವರಿಗೆ ಕುರ್ಚಿ ಹಾಕಬೇಕು. ಹಲ್ಲು ಕೀಳುವುದಾದರೆ ಬೇಗ ಕೀಳುವುದು ಒಳ್ಳೆಯದು. ಇಷ್ಟೇ.

“ಒಂದು ಸಲ ಕೇಳಿ ನೋಡ್ರಿ ಅವರಿಗೆ,” ಎಂದಳು.

“ಕೇಳ್ತೀನಿ” ಎಂದೆ.

ನವೆಂಬರ್ 21

ಬೆಳಗ್ಗೆ ಎಂದಿನಂತೆ ಬಡಿತ. ಹೇಳಿಕೊಳ್ಳುವಂಥದ್ದೇನಿಲ್ಲ. ಚಾಂದಬಿ ನನ್ನನ್ನು ಕಂಡಾಗಲೆಲ್ಲ “ಕೇಳಿದ್ರೇನ್ರಿ ಸರ್?” ಎನ್ನುತ್ತಾಳೆ. ಕೇಳಲು ಹೇಳಿದವಳು ಅಂಬಿಕಾ. ಅವಳು ಮಾತ್ರ ಕೇಳುವುದಿಲ್ಲ.

ಡಿಸೆಂಬರ್ 8, ಭಾನುವಾರ

ಅಂಬಿಕಾಳ ಅಣ್ಣನ ಮಗಳಿಗೆ ಕಮಲಾಪುರದಲ್ಲಿ ಕುಬಸ, ಎಂದರೆ ಸೀಮಂತ. ಚಾಂದಬಿಯನ್ನೂ ಕರೆದುಕೊಂಡು ನಿನ್ನೆ ಹೋದಳು. ಅಲ್ಲಿ ಹೆದ್ದಾರಿಗೆ ಹೊಂದಿಕೊಂಡು ಅವಳ ಹೆಸರಿನಲ್ಲಿ ಒಂದು ತುಂಡು ಜಾಗವಿದೆ, ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಅದರಲ್ಲಿ ಕೆಂಬಾಳೆ ಹಚ್ಚಿದ್ದಾರಂತೆ. ಹೋಗುವಾಗ ಬಾಗಿಲಲ್ಲಿ ನಿಂತು, “ಒಲಿಗೆ ನೀರ ಹೊಡದೀನ್ರಿ, ಬೂದಿ ಹಾರಂಗಿಲ್ಲ, ಆರಾಮ್ ಓದ್ಕೊಂಡ ಕುಂದರ್ರಿ,” ಎಂದಳು.

ಇಂದು ಆಳುಗಳನ್ನು ಕರೆಸಿದೆ. ಫರಸಿ ಕಲ್ಲಿನ ಗುಣವೇನೆಂದರೆ ಒಡೆಯಬೇಕಾಗಿಲ್ಲ, ಕೀಲು ಸಡಿಲಿಸಿದರೆ ಹಲಗೆಯ ಹಾಗೆ ಬರುತ್ತದೆ. ಮಧ್ಯಾಹ್ನದೊಳಗೆ ರೊಟ್ಟಿಮನೆ ನೆಲಸಮ, ಅದರ ಹಿಂದೆಯೇ ಸಂಡಾಸ. ಒಲೆಗಳು ಮಾತ್ರ ಮಣ್ಣಿನವು, ಅವನ್ನು ಒಡೆಯಬೇಕಾಯಿತು. ನನ್ನ ಮಂಟಪದ ಪತ್ರಾವನ್ನೂ ತೆಗೆಸಿದೆ. ನನ್ನದೂ ಹೋಯಿತು ಎಂದು ಹೇಳಲು ಬರಬೇಕಲ್ಲ.

ಸಂಜೆ ಬಳ್ಳಿಯ ಕೆಳಗೆ ಕೂತೆ. ಹಿತ್ತಲು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಮಸಿ ಹಿಡಿದ ಚೌಕ ಜಾಗವೊಂದು ಉಳಿದಿದೆ, ಮಳೆಗಾಲಕ್ಕೆ ಹೋದೀತು. ಒಂದು ನಾಯಿ ಬಂದು ಬಾಗಿಲು ಇದ್ದ ಕಡೆ ನಿಂತು ರೊಟ್ಟಿಗಾಗಿ ಕಾಯುತ್ತಿತ್ತು. ಅದಕ್ಕೆ ಯಾರೂ ನಕ್ಷೆ ತೋರಿಸಿಲ್ಲವೆಂದು ಕಾಣುತ್ತದೆ.

ಡಿಸೆಂಬರ್ 10

ಬಂದಳು. ರಂಪವಾಗುತ್ತದೆಂದು ಉತ್ತರಗಳನ್ನು ಸಿದ್ಧಮಾಡಿಟ್ಟುಕೊಂಡಿದ್ದೆ, ಎರಡು ಒಳ್ಳೆಯ ಜೋಕೂ ಇದ್ದವು. ಅವಳು ಹಿತ್ತಲ ಬಾಗಿಲಲ್ಲಿ ಚೀಲ ಹಿಡಿದುಕೊಂಡೇ ನಿಂತು ಕೇಳಿದ್ದು ಒಂದೇ:

“ಕಲ್ಲು ಎಲ್ಲಿಟ್ಟೀರಿ?”

ಕಂಪೌಂಡಿಗೆ ಆನಿಸಿಟ್ಟದ್ದನ್ನು ತೋರಿಸಿದೆ. ಹೋಗಿ ಒಂದೊಂದನ್ನೂ ಕೈಯಿಂದ ತಟ್ಟಿ ನೋಡಿದಳು, ಬಿರುಕು ಬಿಟ್ಟಿದೆಯೇನೋ ಎಂದು.

ಚಾಂದಬಿಯೇ ಬಾಯಿ ಬಿಟ್ಟವಳು. “ಸರ್, ನಿಮ್ಮ ಮಂಟಪಕ್ಕ ಗೋಡಿ ಇಲ್ಲ, ನಿಮ್ಮ ಮಾತಿಗೆ ಬಾಗಿಲ ಇಲ್ಲ ಅಂತಿದ್ದೆ. ಹೊಟ್ಟ್ಯಾಗ ಭಾರಿ ಕೀಲಿ ಇಟ್ಟೀರಲ್ಲಾ.”

“ಬ್ಯಾಂಕಿನವರು ಚಾಂದಬಿ, ನಾ ಏನ್ ಮಾಡ್ಲಿ?”

“ಬ್ಯಾಂಕಿನವ್ರು ನಮ್ಮ ಕೈಯಾಗಿನ ರೊಟ್ಟಿ ತಿಂದು ಹೋಗ್ಯಾರ ಸರ್. ಅವರಿಗರ ಒಂದೀಟು ನಾಚಿಕಿ ಇರ್ತದ.”

“ಸಾಕು ಬಾ,” ಎಂದಳು ಅಂಬಿಕಾ, ನನಗಲ್ಲ.

ಡಿಸೆಂಬರ್ 30, ಎಳ್ಳಮಾವಾಸ್ಯೆ

ಆರ್ಡರ್ ಕೊಟ್ಟವರಿಗೆಲ್ಲ ಅಂಬಿಕಾ ತಾನೇ ಮನೆಮನೆಗೆ ಹೋಗಿ ಆಗುವುದಿಲ್ಲವೆಂದು ಹೇಳಿ ಬಂದಿದ್ದಳು. ಆದರೂ ನಿನ್ನೆಯಿಂದ ಗೇಟಿಗೆ ಜನ. ಇಂದು ಅವಳು ಭೂಮಿತಾಯಿಗೆ ಚರಗ ಚೆಲ್ಲಲು ಕಮಲಾಪುರದ ಅಣ್ಣನ ಹೊಲಕ್ಕೆ ಹೋದಳು. “ನೀವೂ ಬರ್ತೀರೇನ್ರಿ?” ಎಂದು ಕೇಳಿದಳು. ಕೇಳಿದ ರೀತಿ ಬಾ ಎನ್ನುವಂತಿರಲಿಲ್ಲ. ಭಾಷಣ ಬರೆಯುವುದಿದೆ ಎಂದೆ.

ಗೇಟಿಗೆ ಬಂದವರಿಗೆಲ್ಲ ‘ಇಲ್ಲ, ಇಲ್ಲ’ ಎನ್ನುತ್ತ ನಿಂತೆ. ಪ್ರಾಚಾರ್ಯರು ಡಬ್ಬಿ ಹಿಡಿದು ಬಂದರು. “ಏನ್ರಿ ದೇವಾನಂದ, ಊರಿಗೆಲ್ಲಾ ಹಬ್ಬದ ಭಜ್ಜಿಪಲ್ಯಕ್ಕ ರೊಟ್ಟಿ ಇಲ್ಲದಂಗ ಮಾಡಿದ್ರಲ್ಲಾ.” ಹೋಟೆಲಿನಲ್ಲಿ ಇಡ್ಲಿ ತಿಂದೆ. ಹಬ್ಬದ ದಿನ ಇಡ್ಲಿ ತಿನ್ನುತ್ತಿದ್ದವರು ನಾನು ಮತ್ತು ಇಬ್ಬರು ಔಷಧಿ ಕಂಪನಿಯ ಪ್ರತಿನಿಧಿಗಳು.

ಭಾಷಣ ಬರೆಯಲಿಲ್ಲ.

ಜನವರಿ 17, ಶುಕ್ರವಾರ

ರಿಜಿಸ್ಟರ್ ಆಯಿತು. ಅಂಬಿಕಾ ಸಾಕ್ಷಿಯಾಗಿ ಸಹಿ ಮಾಡಬೇಕಿತ್ತು. ಕಚೇರಿಯ ಬೆಂಚಿನ ಮೇಲೆ ಸುನೀಲಕುಮಾರ ಅವಳ ಪಕ್ಕ ಕುಳಿತು, ಒಳ್ಳೆಯ ಮಾತಾಡುವ ಉತ್ಸಾಹದಲ್ಲಿ ಶುರುಮಾಡಿದರು.

“ಅಕ್ಕಾವರ, ಈ ಸಲ ಎಳ್ಳಮಾಸಿಗಿ ನಮ್ಮ ಮನ್ಯಾಗ ರೊಟ್ಟೀನೇ ಇಲ್ಲ ನೋಡ್ರಿ. ಎದಕ್ಕ ಅಷ್ಟು ಲಗೂ ಕೆಡವಿದ್ರಿ? ನಾ ಸರ್ ಅವರಿಗಿ ಹೇಳಿದ್ದೆ, ಸಂಕ್ರಮಣದ ತನಕಾ ಒಲಿ ಉರೀಲಿ ಅಂತ. ಶೂನ್ಯಮಾಸದಾಗ ನಾವು ಹ್ಯಾಂಗೂ ಖರೀದಿ ಮಾಡಂಗಿಲ್ಲ.”

“ಬ್ಯಾಂಕಿನವರು ಡಿಸೆಂಬರದಾಗೇ ಬಂದು ನೋಡ್ತಾರ ಅಂದಿದ್ರಲ್ರಿ?” ಎಂದಳು ಅವಳು.

“ಯಾರಂದ್ರು? ಆಮಿರ್ ಸಾಹೇಬ್ರು ಮೊನ್ನೆ ಬುಧವಾರ ಬಂದು ನೋಡಿ ಹೋದ್ರು.”

ಗೋಡೆಯ ಮೇಲೆ ಯಾವುದೋ ಸುತ್ತೋಲೆ ಅಂಟಿಸಿದ್ದರು. ನಾನು ಅದನ್ನು ಓದುತ್ತಿದ್ದೆ. ಕಾಗುಣಿತದ ತಪ್ಪುಗಳು ಬಹಳ.

ಅಂಬಿಕಾ ನನ್ನತ್ತ ನೋಡಿದಳು. ಕೋಪವಿರಲಿಲ್ಲ. ಹಂಚಿನ ಮೇಲೆ ಹಾಕಿದ ರೊಟ್ಟಿ ಬೆಂದಿದೆಯೇ ಎಂದು ನೋಡುತ್ತಾಳಲ್ಲ, ಹಾಗೆ. ಆಮೇಲೆ ಹೆಸರು ಕೂಗಿದರು. ಹೋಗಿ ಸಹಿ ಮಾಡಿದಳು. ನನ್ನ ಸಹಿಯಲ್ಲಿ ಸೊನ್ನೆ ಬಿಟ್ಟುಹೋಯಿತು, ಬೆಳಗ್ಗೆ ಏನೂ ತಿಂದಿರಲಿಲ್ಲ.

ಹೊರಗೆ ಬಂದು ಸುನೀಲಕುಮಾರ ಇನ್ನೊಂದು ಮಾತು ಹೇಳಿದರು: ಮಂಟಪದ ಜಾಗದಲ್ಲಿ ಕಾರು ನಿಲ್ಲಿಸಬೇಕು, ಕಂಬಗಳನ್ನೂ ಒಯ್ಯಿರಿ.

“ಒಯ್ತೀನ್ರಿ,” ಎಂದಳು ಅಂಬಿಕಾ, ನಾನು ಬಾಯಿ ತೆರೆಯುವ ಮೊದಲೇ.

ಜನವರಿ 19, ಭಾನುವಾರ

ಟೆಂಪೊ ಬಂತು. ರೊಟ್ಟಿಮನೆಯ ಫರಸಿ, ಹಂಚುಗಳು, ಪತ್ರಾ, ಮಂಟಪದ ನಾಲ್ಕು ಕಂಬ. ಬಂಡಮ್ಮ ಮಲ್ಲಿಗೆ ಬಳ್ಳಿಯನ್ನು ಬೇರುಸಹಿತ ಕಿತ್ತು ಗೋಣಿಚೀಲದಲ್ಲಿ ಸುತ್ತಿದಳು.

“ಯಾವಾಗ ಬರ್ತಿ?” ಎಂದು ಕೇಳಿದೆ.

“ಅಲ್ಲೊಂದು ಸೂರು ಆಗಬೇಕಲ್ರಿ ಮೊದಲ.”

ಆದ ಮೇಲೆ ಬರುತ್ತಾಳೆಂದು ಅದರ ಅರ್ಥ. ತವರಿನಲ್ಲಿ ನಾಲ್ಕು ದಿನ ಇದ್ದರೆ ಸಿಟ್ಟೂ ಇಳಿಯುತ್ತದೆ. ಫ್ಲ್ಯಾಟಿನ ಪತ್ರದಲ್ಲಿ ಅವಳ ಹೆಸರನ್ನೂ ಸೇರಿಸಿದ್ದೇನೆ. ಹೇಳಿದೆ. “ಚಲೋ ಆತು,” ಎಂದು ಟೆಂಪೊ ಹತ್ತಿದಳು.

ಫೆಬ್ರವರಿ 11

ಫ್ಲ್ಯಾಟು ಬಹಳ ಶಾಂತ. ಲಿಫ್ಟಿನಲ್ಲಿ ಕನ್ನಡಿ ಇದೆ. ಕಾವಲುಗಾರ ಮೈಬೂಬ ಮೊದಲ ದಿನವೇ ಎದ್ದು ಸಲಾಂ ಹೊಡೆದು, “ಸರ್, ನೀವು ರೊಟ್ಟಿ ಅಂಬಿಕಾಬಾಯಿಯವರ ಮನಿಯವರಲ್ಲೇನ್ರಿ?” ಎಂದ. ಇಲ್ಲಿಗೂ ಬಂತು. ‘ನಾನು ಪ್ರಾಧ್ಯಾಪಕ’ ಎಂದೆ. “ಹೌದೇನ್ರಿ,” ಎಂದು ಕುಳಿತುಬಿಟ್ಟ.

ಇಂದು ಮೊದಲ ಪಿರಿಯಡ್ ತಪ್ಪಿತು. ಎಚ್ಚರವೇ ಆಗಲಿಲ್ಲ. ಗಡಿಯಾರ ಕೆಟ್ಟಿದೆ.

ಫೆಬ್ರವರಿ 13

ಹೊಸ ಗಡಿಯಾರ ತಂದೆ. ಇದೂ ಸರಿ ಇಲ್ಲ.

ಏಪ್ರಿಲ್ 20

ಬಿಸಿಲು. ಅಂಬಿಕಾ ಫೋನಿನಲ್ಲಿ ಚೆನ್ನಾಗಿಯೇ ಮಾತಾಡುತ್ತಾಳೆ. ಊಟ ಆಯಿತೇ, ಬಿಸಿಲಲ್ಲಿ ತಿರುಗಬೇಡಿ. ಹಿಂದೆ ಹೆಂಗಸರ ನಗು, ಬಡಿತ. ಚಾಂದಬಿ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಾಳಂತೆ. ಸರಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದೆ. ಆ ಬಸ್ಸು ಕಮಲಾಪುರದಿಂದ ಇತ್ತಲೂ ಬರುತ್ತದೆ ಎಂದು ಒಮ್ಮೆ ಹಾಸ್ಯ ಮಾಡಿದೆ. “ಫೋನ್ ಇಡ್ತೀನ್ರಿ, ಹಂಚು ಕಾದದ,” ಎಂದಳು.

ಫೋನ್ ಇಡುವುದನ್ನು ಅವಳು ಕೆಲವೊಮ್ಮೆ ಮರೆಯುತ್ತಾಳೆ. ನಾನು ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತೇನೆ. ಕರೆಗೆ ಹೇಗೂ ಖರ್ಚಿಲ್ಲ.

ಜುಲೈ 6

ಅಂಗಡಿಯಲ್ಲಿ ರೊಟ್ಟಿಯ ಪ್ಯಾಕೆಟ್ ಕಂಡಿತು. ‘ಅಂಬಿಕಾ ರೊಟ್ಟಿಮನೆ, ಕಮಲಾಪುರ.’ ಮುಗಿದಿದೆ, ಇದು ಬೇರೆಯವರಿಗೆ ತೆಗೆದಿಟ್ಟದ್ದು ಎಂದ ಅಂಗಡಿಯವನು. “ಅವರ ಮನಿಯವರು ನಾನೇ ಅದೀನಿ,” ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೊಟ್ಟ.

ಆಗಸ್ಟ್ 24

ಬಹಳ ದಿನಗಳ ಮೇಲೆ ಭಾಷಣ. ನಿರೂಪಕ ಹೊಸಬ, ‘ಹಾಸ್ಯ ಭಾಷಣಕಾರ’ ಎಂದಷ್ಟೇ ಹೇಳಿ ಮೈಕ್ ಕೊಟ್ಟ. ಸಭೆ ತಣ್ಣಗಿತ್ತು. ನಾನೇ ಸೇರಿಸಿದೆ, ಕಮಲಾಪುರದ ರೊಟ್ಟಿ ಅಂಬಿಕಾಬಾಯಿಯವರ ಯಜಮಾನ ಎಂದು. ಚಪ್ಪಾಳೆ ಬಿತ್ತು. ಮಂಟಪದ ಜೋಕು ಹೇಳಲಿಲ್ಲ, ಯಾಕೋ ನೆನಪಿಗೆ ಬರಲಿಲ್ಲ.

ಅಕ್ಟೋಬರ್ 2, ವಿಜಯದಶಮಿ

ಬನ್ನಿ ಕೊಡಲು ಕಮಲಾಪುರಕ್ಕೆ ಹೋಗಿ ಬಂದೆ. ಹಿರಿಯನಾದ ನಾನೇ ಹೋಗಬೇಕೇ ಎಂದು ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಅನಿಸಿತ್ತು. ಅಷ್ಟರಲ್ಲಿ ಬೀದರ್ ಬಸ್ಸು ಬಂತು. ಮಹಾಗಾಂವ ದಾಟುವಾಗ ಕಂಡಕ್ಟರ್ ಎಲ್ಲಿ ಇಳಿಯುತ್ತೀರಿ ಎಂದು ಕೇಳಿದ. “ಅಂಬಿಕಾಬಾಯಿ ರೊಟ್ಟಿಮನಿ ಹತ್ರ,” ಎಂದೆ. ಸರಿಯಾಗಿ ಬಾಗಿಲಿಗೇ ಇಳಿಸಿದ.

ಅವೇ ಫರಸಿಗಳು. ನಮ್ಮ ಹಿತ್ತಲಲ್ಲಿ ಮಸಿ ಹಿಡಿದಿದ್ದವು, ಇಲ್ಲಿ ತೊಳೆದು ನಿಲ್ಲಿಸಿದ್ದಾರೆ. ಗೋಡೆಗೆ ಗಾಜು ಹಾಕಿಸಿದ ನಕ್ಷೆ, ಅದರ ಮೇಲೆ ಪಟ್ಟಣ ಪಂಚಾಯಿತಿಯ ಮೊಹರು. ಮುಂದೆ ನನ್ನ ಮಂಟಪದ ನಾಲ್ಕು ಕಂಬ, ಮಲ್ಲಿಗೆ ಮೇಲೆ ಹಬ್ಬಿದೆ. ಅದರಡಿ ಬೆಂಚು ಹಾಕಿ ಗಿರಾಕಿಗಳನ್ನು ಕೂರಿಸುತ್ತಾರೆ. ನನ್ನನ್ನೂ ಕೂರಿಸಿದರು.

“ಎಷ್ಟು ಕಟ್ಲಿರಿ ಸರ್?” ಎಂದಳು ಚಾಂದಬಿ.

“ಬನ್ನಿ ಕೊಡಾಕ ಬಂದೀನಿ.”

ಅಂಬಿಕಾ ಹೊರಗೆ ಬಂದಳು. ಸ್ವಲ್ಪ ತೆಳ್ಳಗಾಗಿದ್ದಾಳೆ, ಅಥವಾ ನೆಟ್ಟಗಾಗಿದ್ದಾಳೆ. ನಾನು ಎದ್ದು ನಿಂತು ಕೊಟ್ಟೆ. ಎರಡೂ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, “ಬಂಗಾರದಂಗ ಇರೋಣರಿ,” ಎಂದಳು. ನನ್ನ ಹಿಂದೆ ಒಬ್ಬ ಲಾರಿ ಡ್ರೈವರ್ ನಿಂತಿದ್ದ. ಅವನೂ ಬನ್ನಿ ಕೊಟ್ಟ. ಅವನಿಗೂ ಹಾಗೆಯೇ ಅಂದಳು.

ಊಟಕ್ಕೆ ಬಡಿಸಿದರು. ಬಿಸಿ ರೊಟ್ಟಿ, ಪುಂಡಿಪಲ್ಯ. ಕೆಂಬಾಳೆಯ ಹಣ್ಣು ಒಂದನ್ನು ಅವಳೇ ಸುಲಿದುಕೊಟ್ಟಳು. ಹಿಂದುಗಡೆ ಬಾಳೆಗಿಡಗಳ ಪಕ್ಕ ಒಳ್ಳೆಯ ಜಾಗವಿದೆ, ತಂಪಾಗಿದೆ, ಬಡಿತ ಕೇಳಿಸುತ್ತದೆ. ಕೈ ತೊಳೆಯುವಾಗ ಸುಮ್ಮನೆ ಹೇಳಿದ ಹಾಗೆ ಹೇಳಿದೆ:

“ಹಿಂದ ಒಂದು ಸಣ್ಣ ಖೋಲಿ ಹಾಕ್ಸಿದ್ರ ಹ್ಯಾಂಗ? ಬರೋ ಮಾರ್ಚಿಗೆ ನಂದು ರಿಟೈರ್‌ಮೆಂಟ್ ಅದ. ಒಂದು ಕುರ್ಚಿ, ಒಂದು ಮಂಚ. ಅಷ್ಟ ಸಾಕು.”

ಅವಳು ತಂಬಿಗೆಯಿಂದ ನನ್ನ ಕೈಗೆ ನೀರು ಹಾಕುತ್ತಿದ್ದಳು. ನಿಲ್ಲಿಸಲಿಲ್ಲ. ಕೈ ಪೂರ್ತಿ ತೊಳೆದಾದ ಮೇಲೆ ಹೇಳಿದಳು.

“ನಕ್ಷಾದಾಗ ಇಲ್ರಿ ಅದು.”

ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು, ಬಡಿತ ಮತ್ತೆ ಶುರುವಾಯಿತು. ಒಳ್ಳೆಯ ಹಾಸ್ಯಗಾರ ತನ್ನ ಜೋಕಿಗೆ ತಾನು ನಗಬಾರದು ಎಂದು ನಾನೇ ಭಾಷಣಗಳಲ್ಲಿ ಹೇಳುತ್ತ ಬಂದಿದ್ದೇನೆ. ಇಷ್ಟು ವರ್ಷಗಳ ಸಹವಾಸದಲ್ಲಿ ಅದೊಂದನ್ನಾದರೂ ನನ್ನಿಂದ ಕಲಿತಿದ್ದಾಳೆ.